ಯೀಸ್ಟಿನ ಗುರುತು

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟು ಏಕಕೋಶದ ಒಂದು ಶಿಲೀಂಧ್ರ. ಯೀಸ್ಟುಗಳಲ್ಲಿ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ಮಾತ್ರ ದುರ್ಬಲನಾದ ರೋಗಿಯ ರಕ್ತವನ್ನು ಸೇರಿದರೆ ಪ್ರಾಣಕ್ಕೇ ಎರವಾಗುತ್ತವೆ. ಆದುದರಿಂದ ಯಾವುದು ಯಾವ ಪ್ರಭೇದವೆಂದು ಅರಿಯುವುದು ವೈದ್ಯನಿಗೆ ಅತ್ಯಗತ್ಯ.

ಆದರೆ ಇದು ಸುಲಭಸಾಧ್ಯವಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುತೇಕ ಯೀಸ್ಟುಗಳು ಒಂದೇ ತೆರನಾಗಿ ಮೊಟ್ಟೆಯಾಕಾರದಲ್ಲಿ ಕಾಣುತ್ತವೆ. ಹಿಂದಿನ ವಿಜ್ಞಾನಿಗಳು ಯೀಸ್ಟಿಗೆ ಬಗೆಬಗೆಯ ಸಕ್ಕರೆಗಳನ್ನು ಒಡ್ಡಿ, ಅದು ಯಾವುದನ್ನು ಬಳಸಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದರಿಂದ ಅದರ ಹೆಸರನ್ನು ನಿರ್ಧರಿಸುತ್ತಿದ್ದರು. ಉಣ್ಣುವ ಊಟವನ್ನು ನೋಡಿ ಮನುಷ್ಯನ ಊರನ್ನು ಊಹಿಸಿದಂತಿತ್ತು ಈ ಕ್ರಮ. ಹಲವು ಸಲ ಊಹೆ ಸರಿಯಾಗುತ್ತಿತ್ತು. ತಪ್ಪಿದಾಗ ರೋಗಿಗೆ ಆಪತ್ತು.

2009ರಲ್ಲಿ ಜಪಾನಿನ ವಿಜ್ಞಾನಿಗಳು ಟೋಕಿಯೋದ ಆಸ್ಪತ್ರೆಯೊಂದರಲ್ಲಿ ವೃದ್ಧೆಯೊಬ್ಬಳ ಕಿವಿಯಿಂದ ದೊರೆತ ಯೀಸ್ಟನ್ನು ಪರೀಕ್ಷಿಸಿದರು. ಅವರು ಅದರ ಡಿ.ಎನ್.ಎ.ಯನ್ನೇ ಓದಿದರು. ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನನ್ನು ತಯಾರಿಸುವ ರೈಬೋಸೋಮುಗಳಿವೆ. ಇವುಗಳಿಗೆ ಸಂಬಂಧಿಸಿದ ವಂಶವಾಹಿಯಲ್ಲಿ ಕೆಲವು ಭಾಗಗಳು ಎಲ್ಲ ಯೀಸ್ಟುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳ ನಡುವಿನ ಭಾಗಗಳು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತವೆ. ಒಂದೇ ಆಗಿರುವ ಭಾಗವನ್ನು ಹಿಡಿತವಾಗಿಟ್ಟುಕೊಂಡು, ಬದಲಾಗುವ ಭಾಗವನ್ನು ಪಿ.ಸಿ.ಆರ್. ಎಂಬ ವಿಧಾನದಿಂದ ಕೋಟಿಗಟ್ಟಲೆ ಪ್ರತಿಗಳಾಗಿ ಮಾಡಿಕೊಂಡರೆ ಅದರ ಅಕ್ಷರಗಳನ್ನು ಕ್ರಮವಾಗಿ ಓದಬಹುದು. ಈ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಸುಮಾರು 600 ಅಕ್ಷರಗಳ ಇಂತಹ ಒಂದು ಭಾಗವನ್ನು ಹೋಲಿಸಿ ನೋಡಿದ ಕರ್ಟ್ಸ್‌ಮನ್ ಮತ್ತು ರಾಬ್ನೆಟ್ ಎಂಬ ವಿಜ್ಞಾನಿಗಳು 1998ರಲ್ಲಿ ಒಂದು ಅಳತೆಯನ್ನು ಸೂಚಿಸಿದ್ದರು. ಮೂರಕ್ಕಿಂತ ಹೆಚ್ಚು ವ್ಯತ್ಯಾಸಗಳಿಲ್ಲದಿದ್ದರೆ ಸಾಮಾನ್ಯವಾಗಿ ಒಂದೇ ಪ್ರಭೇದ. ಆರು ಅಥವಾ ಅದಕ್ಕೂ ಮಿಗಿಲಾಗಿದ್ದರೆ ಬೇರೆ. ಇದು ಕಟ್ಟುನಿಟ್ಟಾದ ನಿಯಮವಲ್ಲ, ಆದರೂ ಬಹಳ ಉಪಯುಕ್ತ.

ಕಿವಿಯ ಯೀಸ್ಟಿನ ಅಕ್ಷರಗಳು ಅದುವರೆಗೆ ತಿಳಿದಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ವಿಜ್ಞಾನಿಗಳು ಅದಕ್ಕೆ ಕ್ಯಾಂಡಿಡಾ ಆರಿಸ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆರಿಸ್ ಎಂದರೆ ಕಿವಿ. 1996ರಷ್ಟು ಹಿಂದೆಯೇ ದಕ್ಷಿಣ ಕೊರಿಯಾದಲ್ಲಿ ರೋಗಿಯೊಬ್ಬರ ರಕ್ತದಿಂದ ತೆಗೆದಿರಿಸಿದ್ದ ಯೀಸ್ಟೂ ಇದೇ ಎಂಬುದು ಆಮೇಲೆ ಗೊತ್ತಾಯಿತು.

ಹೆಸರಿನಲ್ಲೇನಿದೆ ಎಂದು ಇಲ್ಲಿ ಉದಾಸೀನ ಮಾಡುವಂತಿಲ್ಲ. 2013ರಲ್ಲಿ ದೆಹಲಿಯ ಆಸ್ಪತ್ರೆಗಳ ರೋಗಿಗಳಲ್ಲಿ ಈ ಯೀಸ್ಟು ಕಂಡುಬಂದ ವರದಿ ಪ್ರಕಟವಾಯಿತು. ಸಕ್ಕರೆಯ ಪರೀಕ್ಷೆಯಂತಹವನ್ನೇ ಆಧರಿಸಿದ ಯಂತ್ರವು ಅದನ್ನು ಕ್ಯಾಂಡಿಡಾ ಹೀಮುಲೋನಿ ಎಂಬ ಬೇರೊಂದು ಪ್ರಭೇದವೆಂದು ಹೇಳಿತ್ತು; ಡಿ.ಎನ್.ಎ. ಓದಿದಾಗಲೇ ನಿಜ ತಿಳಿದದ್ದು. ಫ್ಲೂಕೊನಜೋಲ್ ಎಂಬ ಸಾಮಾನ್ಯ ಔಷಧಕ್ಕೆ ಈ ಯೀಸ್ಟು ಹೆಚ್ಚಾಗಿ ಬಗ್ಗುವುದಿಲ್ಲ. ಅದು ಹಾಸಿಗೆ, ಕಂಬಿಗಳ ಮೇಲೆ ದಿನಗಟ್ಟಲೆ ಬದುಕಿದ್ದು ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹರಡುತ್ತದೆ. ಗುರುತು ಸರಿಯಾಗಿ ಸಿಕ್ಕಿದರೆ ವೈದ್ಯನು ಔಷಧವನ್ನು ಬದಲಿಸಬಲ್ಲ, ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಬಲ್ಲ.

ಇದು ಎಲ್ಲಿಂದ ಬಂದಿತು? 2021ರಲ್ಲಿ ಭಾರತೀಯ ವಿಜ್ಞಾನಿಗಳು ಅಂಡಮಾನ್ ದ್ವೀಪಗಳ ಕಡಲತೀರದಲ್ಲಿಯೂ ಉಪ್ಪುನೀರಿನ ಜೌಗುನೆಲದಲ್ಲಿಯೂ ಇದೇ ಯೀಸ್ಟನ್ನು ಪತ್ತೆ ಮಾಡಿದರು. ಆಸ್ಪತ್ರೆಯ ಹೊರಗೆ, ನಿಸರ್ಗದಲ್ಲಿ, ಅದು ದೊರೆತದ್ದು ಅದೇ ಮೊದಲು.