ಸರ್ವೋ ಯಂತ್ರಕ್ಕೆ ಬದಲಿ ಪೊಟೆನ್ಷಿಯೋಮೀಟರು

ಮಾದರಿ ವಿಮಾನದ ಚುಕ್ಕಾಣಿಯನ್ನು ತಿರುಗಿಸುವ ಸರ್ವೋ ಎಂಬ ಪುಟ್ಟ ಯಂತ್ರವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಬಲ್ಲರು. ಅದರ ತೋಳು ಕೆಲವೊಮ್ಮೆ ನಿಂತಲ್ಲಿ ನಿಲ್ಲದೆ ನಡುಗತೊಡಗುವುದುಂಟು. ಇಂತಹದೊಂದನ್ನು ತಂದ ವಿದ್ಯಾರ್ಥಿಯೊಬ್ಬನು, "ಇದರ ಪೊಟೆನ್ಷಿಯೋಮೀಟರು ಸವೆದಿದೆ, ಸಾರ್. ಹಳೆಯ ರೇಡಿಯೋದ ಧ್ವನಿ ನಿಯಂತ್ರಕವನ್ನು ಹಾಕಬಹುದೆ?" ಎಂದು ಕೇಳಿದನು. ಉತ್ತರ ಹೇಳುವ ಮುನ್ನ ಆ ಭಾಗದ ಕೆಲಸವೇನೆಂಬುದನ್ನು ವಿಚಾರಿಸೋಣ.

ಸರ್ವೋವಿನಲ್ಲಿ ಒಂದು ಮೋಟಾರು, ಹಲ್ಲುಚಕ್ರಗಳು ಮತ್ತು ವಿದ್ಯುನ್ಮಂಡಲ ಇರುತ್ತವೆ. ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಬರುವ ಸ್ಪಂದದ ಅವಧಿಯೇ ಅದಕ್ಕೆ ಆಜ್ಞೆ. 1.5 ಮಿಲಿಸೆಕೆಂಡಾದರೆ ತೋಳು ನಡುವೆ ನಿಲ್ಲಬೇಕು. 1 ಅಥವಾ 2 ಆದರೆ ಒಂದೊಂದು ಪಕ್ಕಕ್ಕೆ ತಿರುಗಬೇಕು. ತೋಳು ಈಗ ಎಲ್ಲಿದೆಯೆಂಬ ವರದಿಯನ್ನು ಕೊಡುವುದು ಅದರ ದಂಡಕ್ಕೆ ಜೋಡಿಸಿದ ಪೊಟೆನ್ಷಿಯೋಮೀಟರು. ಆಜ್ಞೆಗೂ ವರದಿಗೂ ವ್ಯತ್ಯಾಸವಿರುವವರೆಗೆ ಮೋಟಾರು ತಿರುಗುತ್ತದೆ. ರೋಧಕ ಪಟ್ಟಿ ಸವೆದರೆ ವರದಿ ತಪ್ಪಿ, ತೋಳು ನಡುಗುತ್ತದೆ.

ಮೊದಲು ರೋಧವನ್ನು ನೋಡೋಣ. ಪಟ್ಟಿಯ ತುದಿಗಳ ನಡುವೆ 5 ವೋಲ್ಟು ಇದ್ದರೆ, ನಡುಬಿಂದುವಿನಲ್ಲಿ 2.5 ವೋಲ್ಟು ದೊರೆಯುತ್ತದೆ. ಒಟ್ಟು ರೋಧ 5 ಕಿಲೋ ಓಮ್ ಆದರೂ 10 ಆದರೂ ಅಷ್ಟೇ. ಇಲ್ಲಿ ಮುಖ್ಯವಾದುದು ಅನುಪಾತ. ಹಾಗೆಂದು ಯಾವ ರೋಧವಾದರೂ ಸರಿಯೆನ್ನಲಾಗದು. ಜಾರುಸಂಪರ್ಕಕ್ಕೂ ಕೆಳತುದಿಗೂ ನಡುವೆ ಮಂಡಲವು 100 ಕಿಲೋ ಓಮ್ ರೋಧದಂತೆ ವರ್ತಿಸುವುದೆಂದು ಭಾವಿಸೋಣ. ಆಗ 5 ಕಿಲೋ ಓಮ್ ಪಟ್ಟಿಯ ನಡುವೆ 2.47 ವೋಲ್ಟು ಉಳಿಯುತ್ತದೆ. 500 ಕಿಲೋ ಓಮ್ ಪಟ್ಟಿಯಲ್ಲಾದರೋ 1.11 ವೋಲ್ಟಿಗೆ ಇಳಿಯುತ್ತದೆ. ರೋಧವು ತೀರ ಕಡಿಮೆಯಾದರೆ ಪ್ರವಾಹವು ವ್ಯರ್ಥವಾಗಿ ಹೆಚ್ಚುತ್ತದೆ. ಆದುದರಿಂದ ಮೂಲ ಭಾಗದಷ್ಟೇ ರೋಧವುಳ್ಳದ್ದನ್ನು ಆರಿಸುವುದು ಲೇಸು. ಸರ್ವೋಗಳಲ್ಲಿ 5 ಕಿಲೋ ಓಮ್ ಸಾಮಾನ್ಯ.

ಎರಡನೆಯದು, ರೋಧವು ಕೋನಕ್ಕೆ ಅನುಗುಣವಾಗಿ ಸಮನಾಗಿ ಬದಲಾಗಬೇಕು. ಧ್ವನಿ ನಿಯಂತ್ರಕಗಳು ಸಾಮಾನ್ಯವಾಗಿ ಲಾಗರಿದಮ್ ಕ್ರಮದವು. ದಂಡವನ್ನು ಅರ್ಧ ತಿರುಗಿಸಿದಾಗ ರೋಧವು ಒಟ್ಟಿನ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಇರಬಹುದು. ಆಗ ನಡುವೆ ನಿಂತ ತೋಳು ಒಂದು ಪಕ್ಕಕ್ಕೆ ಹೋಗಿದೆಯೆಂದು ಮಂಡಲವು ಭ್ರಮಿಸುವುದು.

ಮೂರನೆಯದು ಪಟ್ಟಿಯ ಕೋನ. ಮೂಲ ಪಟ್ಟಿ 180 ಡಿಗ್ರಿಯದಾಗಿದ್ದು, ಹೊಸದು 270 ಡಿಗ್ರಿಯದಾದರೆ, ಮೊದಲು 90 ಡಿಗ್ರಿ ತಿರುಗುತ್ತಿದ್ದ ತೋಳು ಅದೇ ಆಜ್ಞೆಗೆ 135 ಡಿಗ್ರಿ ತಿರುಗಲು ಯತ್ನಿಸುವುದು. ನಡುವೆ ತಡೆಗೆ ತಾಗಿ ನಿಂತರೆ ಮೋಟಾರು ಬಿಸಿಯಾಗಿ ಸುಟ್ಟುಹೋಗಬಹುದು. ತುದಿಗಳ ತಂತಿಗಳು ಅದಲುಬದಲಾದರೂ ಇದೇ ಗತಿ: ವ್ಯತ್ಯಾಸವು ಕಡಿಮೆಯಾಗುವ ಬದಲು ಹೆಚ್ಚುತ್ತ, ತೋಳು ಕೊನೆಯವರೆಗೆ ಓಡುವುದು. ದಂಡದ ಆಕಾರವೂ ಅಳತೆಯೂ ಹೊಂದಬೇಕು. ಸಡಿಲವಿದ್ದರೆ ನಡುಕ ಉಳಿದೇ ಉಳಿಯುವುದು.

ಹೀಗಾಗಿ ರೇಡಿಯೋದ ನಿಯಂತ್ರಕ ಬೇಡವೆಂದೂ, ಅದೇ ಮಾದರಿಯ ಕೆಟ್ಟ ಸರ್ವೋ ಒಂದರಿಂದ ಭಾಗವನ್ನು ತೆಗೆದು ಪರೀಕ್ಷಿಸೆಂದೂ ಆ ವಿದ್ಯಾರ್ಥಿಗೆ ಹೇಳಿದೆವು. ಪರೀಕ್ಷೆ ಸುಲಭ. ಮಂಡಲದಿಂದ ಬೇರ್ಪಡಿಸಿದ ಪೊಟೆನ್ಷಿಯೋಮೀಟರಿನ ಒಂದು ತುದಿಗೂ ಜಾರುಸಂಪರ್ಕಕ್ಕೂ ಓಮ್‌ಮಾಪಕವನ್ನು ಜೋಡಿಸಿ, ದಂಡವನ್ನು ಮೆಲ್ಲನೆ ತಿರುಗಿಸಬೇಕು. ಪ್ರತಿ 10 ಡಿಗ್ರಿಗೆ ರೋಧವನ್ನು ಗುರುತಿಸಿ ನಕ್ಷೆ ಬರೆದರೆ, ಒಳ್ಳೆಯ ಭಾಗವು ಸರಳರೇಖೆಯನ್ನು ಕೊಡುವುದು. ಸವೆದುದು ಎಲ್ಲಿ ಸವೆದಿದೆಯೆಂಬುದನ್ನು ಅಲ್ಲಿಯೇ ತೋರಿಸುವುದು.