ತುಂಬಿದ ಪಟ್ಟಿ: ಮುಚ್ಚಿದ್ದೋ, ತೆರೆದದ್ದೋ?

ಭಾಷಾಧ್ಯಯನದಲ್ಲಿ ಎರಡು ಬಗೆಯ ಪಟ್ಟಿಗಳು ಎದುರಾಗುತ್ತವೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂಬ ವಿಭಕ್ತಿ ಪ್ರತ್ಯಯಗಳ ಪಟ್ಟಿ ನಿಶ್ಚಿತವಾದುದು. ತನ್ನದೊಂದನ್ನು ಅದಕ್ಕೆ ಸೇರಿಸುವ ಸ್ವಾತಂತ್ರ್ಯ ವಿದ್ಯಾರ್ಥಿಗಿಲ್ಲ. ಕಾಸರಗೋಡಿನ ಮನೆಗಳಲ್ಲಿ ಸಂಗ್ರಹಿಸುವ ಆಡುನುಡಿಯ ಪದಪಟ್ಟಿಯಾದರೋ ಪ್ರತಿ ಭೇಟಿಯಲ್ಲೂ ಬೆಳೆಯಬಲ್ಲದು. ಇವನ್ನು ಗಣಕಯಂತ್ರಕ್ಕೆ ಒಪ್ಪಿಸುವಾಗ ಈ ಭೇದವನ್ನೂ ಸ್ಪಷ್ಟಪಡಿಸಬೇಕಾಗುತ್ತದೆ.

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯಾದ ಜಾವಾದಲ್ಲಿ ಪಟ್ಟಿಯೂ ಒಂದು ಆಬ್ಜೆಕ್ಟ್. ಮೊದಲು ಬರಿದಾದ ಪಟ್ಟಿಯನ್ನು ರಚಿಸಿ, ಬಳಿಕ ‘ಆ್ಯಡ್’ ಎಂಬ ಮೆಥಡ್‌ನಿಂದ ಒಂದೊಂದೇ ಅಂಶವನ್ನು ಸೇರಿಸುವುದು ಸಾಮಾನ್ಯ ಕ್ರಮ. ಏಳು ಪ್ರತ್ಯಯಗಳಿಗೆ ಏಳು ವಾಕ್ಯಗಳು ಬೇಕು. ಅಂಶಗಳನ್ನು ತುಂಬಿಯೇ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಪಡೆಯುವ ಮಾರ್ಗಗಳೂ ಇವೆ. 2004ರ ಜಾವಾ 5ನೆಯ ಆವೃತ್ತಿಯಿಂದ ‘ಅರೇಸ್.ಆ್ಯಸ್‌ಲಿಸ್ಟ್’ನ ಆವರಣದೊಳಗೆ ಅಂಶಗಳನ್ನು ಸಾಲಾಗಿ ಬರೆದರೆ ಸಾಕು. ಆದರೆ ಅದರ ಹಿಂದೆ ನಿಶ್ಚಿತ ಉದ್ದದ ಅರೇ ಇರುವುದರಿಂದ, ಅಂಶವನ್ನು ಬದಲಿಸಬಹುದೇ ಹೊರತು ಸೇರಿಸಲಾಗದು, ತೆಗೆಯಲಾಗದು. 2017ರ 9ನೆಯ ಆವೃತ್ತಿಯಲ್ಲಿ ಬಂದ ‘ಲಿಸ್ಟ್.ಆಫ್’ ಇನ್ನೂ ಬಿಗಿಯಾದುದು: ಬದಲಾವಣೆಗೂ ಅವಕಾಶವಿಲ್ಲ, ‘ನಲ್’ ಎಂಬ ಶೂನ್ಯಮೌಲ್ಯಕ್ಕೂ ಪ್ರವೇಶವಿಲ್ಲ.

ಅಪಾಯವಿರುವುದು ಇಲ್ಲಿಯೇ. ಈ ಎರಡೂ ‘ಲಿಸ್ಟ್’ ಎಂಬ ಒಂದೇ ಹೆಸರಿನ ಇಂಟರ್‌ಫೇಸ್‌ಗೆ ಸೇರುತ್ತವೆ. ಆ ಇಂಟರ್‌ಫೇಸ್‌ನಲ್ಲಿ ‘ಆ್ಯಡ್’ ಇದ್ದೇ ಇದೆ. ಆದುದರಿಂದ ಕಂಪೈಲರ್ ಆಕ್ಷೇಪಿಸುವುದಿಲ್ಲ. ಪದಪಟ್ಟಿಯನ್ನು ‘ಲಿಸ್ಟ್.ಆಫ್’ನಿಂದ ರಚಿಸಿದವರಿಗೆ ದೋಷ ತಿಳಿಯುವುದು ಪ್ರೋಗ್ರಾಂ ನಡೆಯುತ್ತಿರುವಾಗ, ಹೊಸ ಪದವೊಂದನ್ನು ಸೇರಿಸಹೊರಟ ಕ್ಷಣದಲ್ಲಿ. ಮುಂಜಾಗ್ರತೆಯಿಲ್ಲದಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಂತು, ಕಡತಕ್ಕೆ ಉಳಿಸದ ಸಂಗ್ರಹವೂ ನಷ್ಟವಾಗುತ್ತದೆ.

ಪರಿಹಾರವೂ ಒಂದೇ ಸಾಲಿನದು. ಹೊಸ ‘ಅರೇಲಿಸ್ಟ್’ ಒಂದನ್ನು ರಚಿಸುವಾಗ ಅದರ ಆವರಣದೊಳಗೆ ‘ಲಿಸ್ಟ್.ಆಫ್’ ಪಟ್ಟಿಯನ್ನು ಇಟ್ಟರೆ, ಅಂಶಗಳೆಲ್ಲ ಹೊಸ ಪಟ್ಟಿಗೆ ನಕಲಾಗುತ್ತವೆ. ಮೊದಲ ಪದಗಳು ಸಿದ್ಧವಾಗಿರುತ್ತವೆ, ಮುಂದಿನವಕ್ಕೆ ಬಾಗಿಲೂ ತೆರೆದಿರುತ್ತದೆ. ಇದರಿಂದ ಮುಚ್ಚಿದ ಪಟ್ಟಿ ನಿರುಪಯುಕ್ತವೆಂದು ಭಾವಿಸಲಾಗದು. ಪ್ರತ್ಯಯಗಳ ಪಟ್ಟಿಯಲ್ಲಿ ಪ್ರೋಗ್ರಾಂನ ಬೇರೊಂದು ಭಾಗ ಅರಿಯದೆ ಕೈಯಾಡಿಸದಂತೆ ಕಾಯುವುದು ಆ ಬಿಗಿತನವೇ. ಬರೆಯಲು ಸುಲಭವೆಂಬುದಕ್ಕಿಂತ, ಪಟ್ಟಿಯ ಸ್ವಭಾವವೇನೆಂಬುದು ಆಯ್ಕೆಗೆ ಆಧಾರವಾಗಬೇಕು.

ಅಭ್ಯಾಸ: ಕನ್ನಡದ ಸ್ವರಾಕ್ಷರಗಳು, ಒಂದು ಗ್ರಾಮದ ಸ್ಥಳನಾಮಗಳು, ಕ್ಷೇತ್ರಕಾರ್ಯದಲ್ಲಿ ದೊರೆತ ಗಾದೆಗಳು – ಇವುಗಳಲ್ಲಿ ಯಾವ ಪಟ್ಟಿಯನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು? ಕಾರಣಸಹಿತ ವಿವರಿಸಿರಿ.