ಹಳೆಯ ಕಂಪ್ಯೂಟರನ್ನು ಹೊಸ ಕಂಪ್ಯೂಟರಿನೊಳಗೆ ಇಳಿಸುವುದು ಹೇಗೆ?

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರುಗಳು ಕೆಲವು ಕಚೇರಿ, ಅಂಗಡಿಗಳಲ್ಲಿ ಇನ್ನೂ ಉಳಿದಿವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಆದರೂ ಇವನ್ನು ಎಸೆಯುವಂತಿಲ್ಲ. ಲೆಕ್ಕಪತ್ರದ ತಂತ್ರಾಂಶದ ಸಿಡಿ ಕಳೆದಿರುತ್ತದೆ. ಹಳೆಯ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಪತ್ರಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಹಾಗಾಗಿ ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡರೆ ಸಾಲದು, ಅವನ್ನು ತೆರೆಯುವ ಇಡೀ ವ್ಯವಸ್ಥೆಯೂ ಬೇಕು. ಹಾರ್ಡ್ ಡಿಸ್ಕ್ ಕೆಟ್ಟ ದಿನ ಎರಡೂ ಹೋಗುತ್ತವೆ.

ಇದಕ್ಕೆ ಪರಿಹಾರ: ಡಿಸ್ಕಿನ ಇಮೇಜ್ ತೆಗೆದು, ಅದನ್ನು ವರ್ಚುವಲ್ ಯಂತ್ರದಲ್ಲಿ ನಡೆಸುವುದು.

ಇಮೇಜ್ ಎಂದರೇನು?

ಡಿಸ್ಕ್ ಎಂದರೆ ಸಾಲಾಗಿ ಜೋಡಿಸಿದ ಬೈಟುಗಳು. ಮೊದಲ ಬೈಟಿನಿಂದ ಕೊನೆಯದರವರೆಗೆ ಹಾಗೆಯೇ ಒಂದು ಫೈಲಿಗೆ ಬರೆದುಕೊಂಡರೆ ಅದೇ ಇಮೇಜ್. 160 ಜಿಬಿ ಡಿಸ್ಕಿನಲ್ಲಿ 30 ಜಿಬಿ ಮಾತ್ರ ತುಂಬಿದ್ದರೂ ಇಮೇಜ್ 160 ಜಿಬಿಯೇ ಆಗುತ್ತದೆ.

ಕ್ರಮ

1. ಹಳೆಯ ಕಂಪ್ಯೂಟರನ್ನು ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಆನ್ ಮಾಡಿ. ನಕಲು ಮಾಡುವಾಗ ಎಕ್ಸ್‌ಪಿ ಓಡುತ್ತಿರಬಾರದು.

2. ಇಮೇಜನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಉಳಿಸಿ. ಅದು ಫ್ಯಾಟ್32 ಮಾದರಿಯಲ್ಲಿ ಇರಬಾರದು, ಏಕೆಂದರೆ ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ.

3. ನಕಲಿಗೆ 'ಡಿಡಿ' ಕಮಾಂಡ್ ಬಳಸಿ. ಎಲ್ಲಿಂದ, ಎಲ್ಲಿಗೆ ಎಂಬುದನ್ನು ಎರಡು ಸಲ ಓದಿ ನೋಡಿ. ಅದಲು ಬದಲಾದರೆ ಮೂಲ ಡಿಸ್ಕೇ ಅಳಿಸಿಹೋಗುತ್ತದೆ. ಡಿಸ್ಕ್ ಆಗಲೇ ಕೆಡುತ್ತಿದ್ದರೆ 'ಡಿಡಿರೆಸ್ಕ್ಯೂ' ಉತ್ತಮ. ಅದು ಚೆನ್ನಾಗಿರುವ ಭಾಗವನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗವನ್ನು ಆಮೇಲೆ ಪ್ರಯತ್ನಿಸುತ್ತದೆ.

4. ಡಿಸ್ಕಿನ ಮತ್ತು ಇಮೇಜಿನ ಎಸ್‌ಎಚ್‌ಎ-256 ಮೌಲ್ಯಗಳನ್ನು ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಕಲು ಸರಿಯಾಗಿದೆ.

5. ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಇಮೇಜನ್ನು ವಿಡಿಐ ಮಾದರಿಗೆ ಪರಿವರ್ತಿಸಿ, ಹೊಸ ವರ್ಚುವಲ್ ಯಂತ್ರಕ್ಕೆ ಜೋಡಿಸಿ. ಡಿಸ್ಕನ್ನು ಸಾಟಾ ಬದಲು ಐಡಿಇ ಕಂಟ್ರೋಲರಿಗೆ ಜೋಡಿಸಬೇಕು.

ನೀಲಿ ಪರದೆ ಏಕೆ?

ನಕಲು ಸರಿಯಿದ್ದರೂ ಮೊದಲ ಸಲ ಆನ್ ಮಾಡಿದಾಗ 7ಬಿ ಎಂದು ಕೊನೆಗೊಳ್ಳುವ ಕೋಡಿನ ನೀಲಿ ಪರದೆ ಬರಬಹುದು. 'ಬೂಟ್ ಡಿಸ್ಕ್ ಸಿಗುತ್ತಿಲ್ಲ' ಎಂಬುದು ಅದರ ಅರ್ಥ. ನಾವು ಡಿಸ್ಕನ್ನು ನಕಲಿಸಿದೆವು, ಮದರ್‌ಬೋರ್ಡನ್ನಲ್ಲ. ಎಕ್ಸ್‌ಪಿ ತನ್ನ ಹಳೆಯ ಕಂಟ್ರೋಲರಿನ ಡ್ರೈವರನ್ನೇ ನಂಬಿ ಎದ್ದಿರುತ್ತದೆ, ಆದರೆ ವರ್ಚುವಲ್ ಯಂತ್ರದ ಕಂಟ್ರೋಲರ್ ಬೇರೆ. ಡಿಸ್ಕನ್ನು ಓದುವ ಡ್ರೈವರ್ ಇಲ್ಲದೆ ಅದೇ ಡಿಸ್ಕಿನಲ್ಲಿರುವ ಉಳಿದ ಡ್ರೈವರುಗಳನ್ನು ತರುವುದಾದರೂ ಹೇಗೆ?

ಪರಿಹಾರ ಹಳೆಯ ಕಂಪ್ಯೂಟರಿನಲ್ಲೇ ಇದೆ. ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಕಂಟ್ರೋಲರಿನ ಡ್ರೈವರನ್ನು 'ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್' ಎಂಬುದಕ್ಕೆ ಬದಲಾಯಿಸಿ ಶಟ್‌ಡೌನ್ ಮಾಡಿ. ಎಕ್ಸ್‌ಪಿಯನ್ನು ಮತ್ತೆ ಆನ್ ಮಾಡದೆ ಇನ್ನೊಂದು ಇಮೇಜ್ ತೆಗೆಯಿರಿ. ಮೊದಲ ಇಮೇಜ್ ಹಾಗೆಯೇ ಭದ್ರವಾಗಿರಲಿ.

ಮೂರು ಎಚ್ಚರಿಕೆಗಳು

• ವಿಂಡೋಸ್ ಮತ್ತೆ ಆಕ್ಟಿವೇಶನ್ ಕೇಳಬಹುದು. ಕಂಪ್ಯೂಟರಿನ ಜೊತೆಗೇ ಬಂದ ಪರವಾನಗಿ ಸಾಮಾನ್ಯವಾಗಿ ಆ ಕಂಪ್ಯೂಟರಿಗೆ ಮಾತ್ರ ಸೀಮಿತ. ಷರತ್ತನ್ನು ಮೊದಲೇ ಓದಿಕೊಳ್ಳಿ.

• ಎಕ್ಸ್‌ಪಿಗೆ ಈಗ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ವರ್ಚುವಲ್ ಯಂತ್ರದ ನೆಟ್‌ವರ್ಕನ್ನು ಆಫ್ ಮಾಡಿಡಿ.

• ಅಳಿಸಿದ ಫೈಲುಗಳ ಬೈಟುಗಳು ಡಿಸ್ಕಿನಲ್ಲಿ ಉಳಿದಿರಬಹುದು. ಉಳಿದಿದ್ದರೆ ಅವೂ ಇಮೇಜಿಗೆ ಬಂದಿರುತ್ತವೆ. ಇಂಥ ಇಮೇಜಿನಲ್ಲಿ ಇತರರ ಹೆಸರು, ವಿಳಾಸ, ಅಂಕಪಟ್ಟಿ, ಪಾಸ್‌ವರ್ಡ್‌ಗಳಿರಬಹುದು. ಹೊಣೆ ಹೊತ್ತವರ ಅನುಮತಿಯಿಲ್ಲದೆ ಇಮೇಜ್ ತೆಗೆಯಬೇಡಿ, ತೆಗೆದ ಪ್ರತಿಯನ್ನು ಸ್ನೇಹಿತರಿಗೆ ಕೊಡಬೇಡಿ.

ಹೊಸ ಪ್ರತಿಯಲ್ಲಿ ಲೆಕ್ಕಪತ್ರ ತೆರೆಯುತ್ತದೆ, ಪತ್ರಗಳು ಓದಲು ಬರುತ್ತವೆ ಎಂದು ಅವನ್ನು ಬಳಸುವವರೇ ನೋಡಿ ಹೇಳಬೇಕು. ಹಳೆಯ ಕಂಪ್ಯೂಟರನ್ನು ವಿಲೇವಾರಿ ಮಾಡುವ ಮಾತು ಆಮೇಲೆ.

ಯೋಚಿಸಿ ಉತ್ತರಿಸಿ

1. ಇಮೇಜಿನ ಗಾತ್ರವು ಡಿಸ್ಕಿನಲ್ಲಿರುವ ಫೈಲುಗಳ ಒಟ್ಟು ಗಾತ್ರಕ್ಕಿಂತ ಹೆಚ್ಚಿರುವುದೇಕೆ?
2. ಎಸ್‌ಎಚ್‌ಎ-256 ಮೌಲ್ಯ ಸರಿಹೊಂದಿದರೂ ವರ್ಚುವಲ್ ಯಂತ್ರ ಬೂಟ್ ಆಗದಿರಲು ಕಾರಣವೇನು?
3. ಕಂಪ್ಯೂಟರ್ ಮಾರುವ ಮೊದಲು ಫೈಲುಗಳನ್ನು ಅಳಿಸಿದರಷ್ಟೇ ಸಾಕೇ?